ಗ್ರೇಡು

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಇಪ್ಪತ್ತೆರಡು ವರ್ಷ ಬೀಜ ಹೆಕ್ಕಿದವಳು ನಾನು, ಸೈನಬಾ.
ಬೆಲ್ಟು ಹರಿಯುತ್ತದೆ, ಕಣ್ಣು ನಿಂತಿರುತ್ತದೆ.
ಕಪ್ಪು, ಕಂದು, ಚೂರು, ಹುಳ ಕೊರೆದದ್ದು
ಮೊದಲು ಬೆರಳಿಗೆ ಗೊತ್ತು, ಆಮೇಲೆ ನನಗೆ.

ಹಾಗಾಗಿ ಮಡಿಕೇರಿಯಲ್ಲಿ ಡಾಕ್ಟರು
ಫೈಲು ತಿರುವುತ್ತಾ ಪಕ್ಕದವರಿಗೆ
ಸ್ಟೇಜ್ ಸಿ ಎಂದಾಗ
ಯಾರೂ ಅರ್ಥ ಹೇಳಬೇಕಾಗಲಿಲ್ಲ.
ಎ ಹಡಗು ಹತ್ತುತ್ತದೆ. ಬಿ ಕೂಡ, ಸ್ವಲ್ಪ ತಡವಾಗಿ.
ಸಿ ಇಲ್ಲೇ, ಚಿಕೋರಿ ಬೆರೆಸಿ,
ಬಸ್ ಸ್ಟ್ಯಾಂಡಿನ ಹೋಟೆಲಿಗೆ.

ಎಲ್ಲರೂ ಮೊದಲು ಕೇಳಿದ್ದು ಒಂದೇ: ಕುಡೀತಿದ್ರಾ?
ಕೊಡಗಲ್ಲವೇ, ಲಿವರ್ ಅಂದರೆ ಬಾಟಲಿ.
ನೋಂಬಿನಲ್ಲಿ ಉಗುಳು ನುಂಗಲೂ ಅಳುಕುವವಳಿಗೆ!
ನಾದಿನಿ ರುಖಿಯಾ ಎರಗಿಯೇಬಿಟ್ಟಳು ಅವರ ಮೇಲೆ.
ರಕ್ತದಲ್ಲಿತ್ತಂತೆ, ಹೆಪಟೈಟಿಸ್ ಬಿ,
ಯಾವ ಸೂಜಿಯದೋ, ಯಾವ ಕಾಲದ್ದೋ,
ಉಮ್ಮನಿಂದಲೇ ಬಂದಿರಬಹುದು ಎಂದರು.
ಉಮ್ಮ ಹೋಗಿ ಹದಿನಾರು ವರ್ಷ. ಯಾರನ್ನು ಬೈಯಲಿ.
ಮಗಳನ್ನೂ ಕರೆಸಿ ರಕ್ತ ತೆಗೆದರು. ಅವಳಿಗಿಲ್ಲ.
ಆ ಚೀಟಿಯೊಂದನ್ನು ಮಾತ್ರ
ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡೆ.

ಗುರುವಾರ ಅವರೆಲ್ಲ ಒಟ್ಟಿಗೆ ಕೂರುತ್ತಾರೆ.
ಗಾಜಿನ ಬಾಗಿಲಾಚೆ ಉದ್ದ ಮೇಜು,
ಒಂದು ಪರದೆಯಲ್ಲಿ ಮೈಸೂರಿನ ಇಬ್ಬರು,
ಇನ್ನೊಂದರಲ್ಲಿ ನಾನು,
ಬ್ರೆಡ್ಡಿನ ಹಾಗೆ ಅಡ್ಡಡ್ಡ ಹೋಳು.
ಕೊಯ್ಯುವವರು ತಲೆಯಾಡಿಸಿದರು: ರಕ್ತನಾಳಕ್ಕೇ ಇಳಿದಿದೆ.
ತೊಡೆಸಂದಿಯಿಂದ ತಂತಿ ತೂರಿಸಿ ಮದ್ದು ಬಿಡುವವರು
ಒಂದು ಹೋಳಿನ ಮುಂದೆ ತುಂಬ ಹೊತ್ತು ನಿಂತರು.
ಕಿರಣದವರು ಏನೋ ಎಂದರು, ಡ್ರಿಪ್ಪಿನವರು ಬೇಡ ಎಂದರು,
ಜಗಳವೇ ಇರಬೇಕು.
ಸುಳ್ಳೇಕೆ, ನನಗೆ ಖುಷಿಯಾಯಿತು.
ಇಷ್ಟು ಜನ ನನಗಾಗಿ ಜಗಳವಾಡಿದ್ದು
ನನ್ನ ಮದುವೆಯಲ್ಲೂ ಇಲ್ಲ.

ನೋವಿನ ಮದ್ದು ನೋಡಿಕೊಳ್ಳುವ ಸಿಸ್ಟರ್ ದೇಚಮ್ಮ
ಹೊರಗೆ ಬಂದಳು. ತೂಕದ ಯಂತ್ರದ ಪಕ್ಕದ ಸ್ಟೂಲನ್ನು
ಕಾಲಲ್ಲೇ ಒಳಗೆ ದೂಡುತ್ತಾ
ಬನ್ನಿ, ನಿಮ್ಮನ್ನು ಬಿಟ್ಟು ಏನು ಮಾತು, ಎಂದಳು.

ಕೈ ಚಾಚಿ, ಬಸ್ಸು ನಿಲ್ಲಿಸುವ ಹಾಗೆ.
ಚಾಚಿದೆ. ಎರಡೂ ಅಂಗೈ ತಾವಾಗಿಯೇ
ಜೋತು ಬಿದ್ದವು, ಎದ್ದವು, ಬಿದ್ದವು,
ನೆನೆದ ಕೋಳಿ ರೆಕ್ಕೆ ಕೊಡವಿದಂತೆ.
ಯಾರೂ ಮಾತಾಡಲಿಲ್ಲ.
ಆಮೇಲೆ ಕೇಳಿದರು, ನಿಮಗೇನು ಬೇಕು?
ಬದುಕಬೇಕು ಅನ್ನಬೇಕಿತ್ತೇನೋ.
ಬಾಯಿಗೆ ಬಂದದ್ದು: ಈ ಕೈ ನಿಲ್ಲಬೇಕು,
ಮಾರ್ಚಿವರೆಗೆ ಸೀಸನ್ ಇದೆ.

ಬರೆದುಕೊಂಡರು. ನಿಜವಾಗಿ, ಮೊದಲನೇ ಸಾಲಿನಲ್ಲಿ.
ಹೊಟ್ಟೆಯ ನೀರು ತೆಗೆದರು, ನಾಲ್ಕು ಲೀಟರು,
ಕ್ಯಾನಿನಲ್ಲಿ ಹೊಸ ಜೇನಿನ ಬಣ್ಣ.
ಮಂಪರಿಗೆ, ಕೈನಡುಕಕ್ಕೆ ಒಂದು ಸಿಹಿ ಸಿರಪ್ಪು,
ದಿನಕ್ಕೆ ಮೂರು ಸಲ ಹಿತ್ತಲಿಗೆ ಓಡಿಸುವಂಥದು.
ಕಾರ್ಡು ನೋಡುವ ಹುಡುಗ
ಮೈಸೂರಿನ ಬಸ್ ಚಾರ್ಜಿಗೂ ಒಂದು ಅರ್ಜಿ ಹುಡುಕಿದ.
ಊಟದ ಮೇಡಮ್ಮಿಗೂ ನನಗೂ ಮಾತ್ರ ಜಟಾಪಟಿ:
ಈ ಸಲ ನೋಂಬು ಬೇಡ, ರಾತ್ರಿ ಹತ್ತಕ್ಕೆ ಗಂಜಿ,
ಹೊಟ್ಟೆ ಖಾಲಿ ಬಿಟ್ಟರೆ ಮೈ ತನ್ನನ್ನೇ ತಿನ್ನುತ್ತದೆ.
ಉಸ್ತಾದರನ್ನು ಕೇಳಿದೆ. ಅವರೂ ಅವಳ ಪಕ್ಷ.
ಕಾಫಿ? ಎಂದೆ.
ಕುಡೀರಿ, ಲಿವರಿಗೆ ಒಳ್ಳೇದೇ, ಎಂದು ನಕ್ಕಳು.
ಇಪ್ಪತ್ತೆರಡು ವರ್ಷ ಹೆಕ್ಕಿದೆ ನೋಡಿ,
ನಮ್ಮ ಮನೆಯಲ್ಲಿ ಕುಡಿದದ್ದು ಬರೀ ಚಹಾ.

ಗುಣವಾಗುತ್ತದೆ ಎಂದು ಯಾರೂ ಹೇಳಿಲ್ಲ.
ಮೊನ್ನೆ ದೇಚಮ್ಮನನ್ನೇ ಕೇಳಿದೆ.
ಅವಳು ನೆಲ ನೋಡಲಿಲ್ಲ.
ಇಲ್ಲಕ್ಕಾ. ನೋವಾದರೆ ರಾತ್ರಿ ಎರಡಕ್ಕೂ ಫೋನು ಮಾಡಿ.
ಒಂದು ಸಲ ಮಾಡಿದೆ. ಎತ್ತಿದಳು.

ಇವತ್ತು ಅರ್ಧ ದಿನ ಬೆಲ್ಟಿನ ಬಳಿ ಕೂತೆ.
ಮೇಸ್ತ್ರಿ ಬೆನ್ನಿರುವ ಕುರ್ಚಿ ಕೊಟ್ಟ.
ಒಂದು ಪೀಬೆರಿ ಸಿಕ್ಕಿತು, ಒಂಟಿ ಬೀಜ, ದುಂಡಗೆ,
ಎ ಅಲ್ಲ, ಬಿ ಅಲ್ಲ, ಅದರ ಚೀಲವೇ ಬೇರೆ.
ಹಾಕುವ ಮುಂಚೆ ಬೆರಳ ತುದಿಯಲ್ಲಿ
ಸ್ವಲ್ಪ ಹೊತ್ತು ಹೊರಳಿಸಿದೆ.
ಅಷ್ಟರಲ್ಲಿ ಎರಡು ಕಪ್ಪು ಬೀಜ ದಾಟಿಹೋದವು.
ಹೋಗಲಿ.