ಬಾಗಿಲಿನ ಸದ್ದು

ಹದಿನಾಲ್ಕು ಡಾಲರಿಗೆ ಫೋನಿನಲ್ಲೇ ಕೊಂಡ ಹೊಲಿಗೆ ಮಷಿನ್ನು.
ಕಪ್ಪು ಮೈ, ಸವೆದ ಚಿನ್ನದ ಬಳ್ಳಿ, ತಿರುಗದ ಚಕ್ರ.
ಮಾರಿದವಳು ಡೆವನ್‌ಪೋರ್ಟಿನವಳು,
"ಅಲಂಕಾರಕ್ಕೆ ಮಾತ್ರ" ಎಂದು ಬರೆದಿದ್ದಳು.
ನನಗೋ ಹಟ.

ಲಾನ್ಸೆಸ್ಟನ್ನಿನಲ್ಲಿ ಜುಲೈ ಅಂದರೆ ಐದಕ್ಕೇ ಕತ್ತಲೆ.
ಬಸ್ಸನ್ನು ಡಿಪೋಗೆ ಬಿಟ್ಟು ಬಂದು, ಅನ್ನಕ್ಕಿಟ್ಟು,
ಸಕ್ಕರೆ ಡಬ್ಬಿಗೆ ಫೋನು ಒರಗಿಸಿ ಕೂತರೆ
ಆ ಕೈಗಳು ಬರುತ್ತವೆ.

ಕರೆಂಟು ಬಿಲ್ಲು, ಹಲ್ಲಿನ ಡಾಕ್ಟರು, ರಾಗಿಹಿಟ್ಟು ಎಲ್ಲಿ ಸಿಗುತ್ತದೆ
ಎಲ್ಲ ಇದೇ ಅಂಗೈಯಗಲದ ಗಾಜಿನೊಳಗೆ.
ಇಂಟರ್ನೆಟ್ಟು ಅನ್ನುವುದನ್ನೇ ಬಿಟ್ಟಿದ್ದೇನೆ;
ನಲ್ಲಿ ನೀರನ್ನು ಯಾರು ಹೆಸರಿಟ್ಟು ಕರೆಯುತ್ತಾರೆ?

ಮುಖವಿಲ್ಲ. ಮಾತಿಲ್ಲ.
ಹಸಿರು ಮೇಜುಬಟ್ಟೆಯ ಮೇಲೆ ಎರಡು ಮುದಿ ಕೈ,
ಬಲ ಹೆಬ್ಬೆರಳಿನ ಉಗುರು ನಡುವೆ ಸೀಳಿ
ಗೋಧಿ ಕಾಳಿನ ಹಾಗೆ.
ತಿರುಪು ಬಿಚ್ಚಿ ಸಾಲಾಗಿ ಇಡುತ್ತವೆ.
ತಪ್ಪಿದರೆ ಒಂದು ಚಣ ನಿಲ್ಲುತ್ತವೆ, ಅಷ್ಟೆ.
ನಾನೂ ನಿಲ್ಲಿಸುತ್ತೇನೆ, ಹಿಂದಕ್ಕೆ ಎಳೆಯುತ್ತೇನೆ,
ಪರದೆಯ ತುಂಬ ನನ್ನ ಎಣ್ಣೆಬೆರಳು.
ಅವರ ಕೈಗಂಟಿದ ಜಿಡ್ಡು ಯಾವುದು, ನನ್ನದು ಯಾವುದು
ಒರೆಸಿದ ಮೇಲೇ ತಿಳಿಯುವುದು.

ಎಲ್ಲಿಯವರೋ. ನಾರ್ವೆ ಅಂದುಕೊಂಡಿದ್ದೆ, ಸುಮ್ಮನೆ,
ಅಂಗಿಯ ತೋಳು ದಪ್ಪ ಉಣ್ಣೆಯದೆಂದು.

ಏಳನೇ ಭಾಗ. ಬಾಬಿನ್ನಿನ ಗೂಡಿನಿಂದ
ಯಾರ ಅಜ್ಜಿಯ ಕಾಲದ್ದೋ ನೂಲಿನ ಗಂಟು,
ಚಿಮಟದ ತುದಿಯಲ್ಲಿ ಜೋತಾಡುತ್ತ.
ಅಷ್ಟರಲ್ಲಿ ಅವರ ಕಿಟಕಿಯಾಚೆ
ಕೀ... ಕೀಂ... ಉಸ್ಸ್.

ಸ್ಕ್ರೂಡ್ರೈವರು ಕೈಯಲ್ಲೇ ಉಳಿಯಿತು.
ಹತ್ತು ಸೆಕೆಂಡು ಹಿಂದಕ್ಕೆ. ಮತ್ತೆ ಹತ್ತು.
ಅನ್ನ ತಳ ಹಿಡಿದ ವಾಸನೆ.
ಆ ಬಾಗಿಲು ನನಗೆ ಗೊತ್ತಿಲ್ಲವೆ?
ದಿನಕ್ಕೆ ಇನ್ನೂರು ಸಲ ನಾನೇ ಒತ್ತುವ ಗುಂಡಿ,
ಹೀಗೆ ಅಳುವ ಬಸ್ಸು ಡಿಪೋದಲ್ಲಿ ಇನ್ನೊಂದಿಲ್ಲ.
ಕಂಕುಳಲ್ಲಿ ಕೂಸು,
ಹುಡುಕಿದ್ದು ನಾರ್ವೆ.

ಈಗ ಇನ್ವರ್ಮೇಯ ಒಂದೊಂದು ಸ್ಟಾಪಿನಲ್ಲೂ
ಯಾರ ಮುಖವನ್ನೂ ನೋಡುವುದಿಲ್ಲ ನಾನು.
ಕಾರ್ಡು ತಟ್ಟುವ ಹೆಬ್ಬೆರಳು ನೋಡುತ್ತೇನೆ:
ಬಣ್ಣ ಹಚ್ಚಿದ್ದು, ಕಚ್ಚಿ ಕಚ್ಚಿ ಮೊಂಡಾದದ್ದು,
ಪ್ಲಾಸ್ಟರು ಸುತ್ತಿದ್ದು.
ಹಾಳು ಚಳಿ, ಅರ್ಧ ಊರಿಗೆ ಕೈಗವಸು.

ಸಿಕ್ಕರೂ ಏನನ್ನಲಿ?
ಸ್ವಾಮಿ, ನಿಮ್ಮ ಉಗುರಿನ ಪರಿಚಯವಿದೆ, ಅನ್ನಲೆ?
ನಿಮ್ಮ ಮನೆಯೊಳಗೆ ನಾನು ಬಂದು ಹೋಗಿದ್ದೇನೆ,
ಹನ್ನೊಂದನೇ ನಿಮಿಷಕ್ಕೆ, ಅನ್ನಲೆ?

ಮೆಕ್ಯಾನಿಕ್ ಡಾರಿಲ್ ನಿನ್ನೆ ಎಣ್ಣೆ ಡಬ್ಬಿ ಹಿಡಿದು ಬಂದ,
ನಿನ್ನ ಬಾಗಿಲಿನ ಗೋಳು ಇವತ್ತು ಮುಗಿಸ್ತೀನಿ, ಅಂತ.
ಬೇಡ ಎಂದೆ. ಎಂಟನೇ ಭಾಗ ಬರಲಿ, ಆಮೇಲೆ.
ಡಬ್ಬಿಯ ಮುಚ್ಚಳ ತಿರುವುತ್ತ
ಅವನು ನನ್ನನ್ನೇ ನೋಡಿದ.