ಐದನೇ ದಿನದ ನೀರು

ಹಗಲೆಲ್ಲ ಚಂದ ಮಲಗತದ. ನೋಡಾಕ ಬಂದವರು
ಎಷ್ಟ ಶಾಣ್ಯಾ ಕೂಸವ್ವ ಅಂತ
ಹತ್ತು ರೂಪಾಯಿ ಮುಷ್ಟಿಯಾಗ ಇಟ್ಟು ಹೋಗತಾರ.
ಸಂಜಿಗಿ ಚಾದರ ಕಾರಖಾನಿ ಮಾಗ ನಿಲ್ತಾವ,
ಏಳಕ್ಕ ಸರಿಯಾಗಿ ಇಲ್ಲಿ ಶುರುವಾಗತದ.
ಓಣಿ ಮಂದಿ ಗಡಿಯಾರ ನೋಡದೇ ಹೇಳತಾರ,
ಕಾಶವ್ವನ ಮೊಮ್ಮಗಳು ಪಾಳಿಗಿ ಹತ್ತಿದಳು ಅಂತ.

ಎತ್ತಿಕೊಂಡ್ರ ಬೆನ್ನು ಬಿಲ್ಲಿನಂಗ ಹಿಂದಕ್ಕ.
ಇಳಿಸಿದ್ರ ಮಾರಿ ಗಜ್ಜರಿ.
ಮೊಲಿ ಕೊಟ್ರ ಎರಡು ಗುಟುಕು, ಆಮ್ಯಾಲ
ನಾನೇ ಏನೋ ಮೋಸ ಮಾಡಿದಂಗ
ನನ್ನ ನೋಡಿ ಚೀರತದ.

ಏನೇನು ಮಾಡಿಲ್ಲ.
ಹೊಕ್ಕಳ ಸುತ್ತ ಇಂಗು, ಓಂಕಾಳಿನ ಹೊಗಿ.
ಸುಮನ್ ಮಾವಶಿ ಬಜಿ, ಜಾಯಿಕಾಯಿ, ಮುರುಡಶಿಂಗಿ ತೇದು
ಗುಟ್ಟಿ ನೆಕ್ಕಿಸಿದಳು.
ಎದುರ ಮನಿ ನರ್ಸಮ್ಮ ಬೀಡಿ ಎಲಿ ಬಾಜೂಕಿಟ್ಟು ಬಂದು
ದಿಷ್ಟಿ ತಗಿಲಿಂದಿ ಅಂತ ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗಿ ಹಾಕಿದಳು;
ನಾವೆಲ್ಲ ಕೆಮ್ಮಿದಿವಿ. ಕೂಸು ಕೆಮ್ಮಲಿಲ್ಲ, ಅತ್ತಿತು.
ದವಾಖಾನಿ ಡಾಕ್ಟರ್ ಹೊಟ್ಟಿ ಒತ್ತಿ ನೋಡಿದ,
ತೂಕ ಮಾಡಿದ, ಕಿವಿಯಾಗ ಬ್ಯಾಟರಿ ಬಿಟ್ಟ,
ಏನೂ ಇಲ್ಲ, ಮೂರು ತಿಂಗಳಾದ್ರ ತಾನೇ ನಿಲ್ತದ ಅಂದ.
ಏನೂ ಇಲ್ಲ ಅಂದಿದ್ದಕ್ಕ ಖುಷಿ ಪಡಬೇಕು.
ಕ್ಯಾಲೆಂಡರದಾಗ ಎಣಿಸಿದೆ. ನಲವತ್ತೊಂದು ರಾತ್ರಿ ಉಳದಾವ.

ನಮ್ಮವರು ರಾತ್ರಿ ಡಿಪೋದಾಗ ಬಸ್ ತೊಳಿತಾರ.
ಹೋಗುವಾಗ ಚಪ್ಪಲಿ ಕೈಯಾಗ ಹಿಡಕೊಂಡು ಹೋಗತಾರ,
ಸಪ್ಪಳಕ್ಕ ಏಳೂದಕ್ಕ ಕೂಸು ಮಲಗಿರಬೇಕಲ್ಲ.

ಒಂದು ಮಾತು ಯಾರಿಗೂ ಹೇಳಿಲ್ಲ.
ಸೋಮವಾರ, ರಾತ್ರಿ ಒಂದೂವರಿಗಿ,
ನೆಲದ ಹಾಸಿಗಿ ಮ್ಯಾಲ ಅದನ್ನ ಅಂಗಾತ ಇಟ್ಟು
ಬಾಗಿಲ ಮುಂದ ಮಾಡಿ ಹೊರಗ ಕಟ್ಟಿ ಮ್ಯಾಲ ಕೂತೆ.
ನನ್ನ ಕೈಗಳಿಗಿ ನಾ ಅಂಜಿದ್ದೆ.
ಎರಡೂ ತೊಡಿ ಕೆಳಗ ಹಾಕಿಕೊಂಡು
ನೂರಾ ಎಂಬತ್ತರ ತನಕ ಎಣಿಸಿದೆ. ಕನ್ನಡದಾಗ ಶುರು ಮಾಡಿದ್ದು
ನಡುವ ಎಲ್ಲೋ ಮರಾಠಿ ಆಗಿತ್ತು, ಸಾಲಿಯಾಗ ಕಲಿತ ಅಂಕಿ.
ನಾಯಿಯೊಂದು ನನ್ನ ನೋಡಿ ಆ ಕಡಿ ತಿರುಗಿ ಮಲಗಿತು.
ಒಳಗ ಹೋದೆ. ಅಲ್ಲೇ ಇತ್ತು, ಹಂಗೇ ಅಳತಿತ್ತು.
ಎತ್ತಿಕೊಂಡೆ.

ಗುರುವಾರ ನಸುಕಿನ್ಯಾಗ ಮೂರಕ್ಕ ನಳ ಬಂತು.
ಸೊಲ್ಲಾಪುರದಾಗ ಐದು ದಿನಕ್ಕೊಮ್ಮೆ ಬರೂ ನೀರು,
ಹೇಳಿ ಕೇಳಿ ಬರಂಗಿಲ್ಲ;
ಪೈಪಿನಾಗ ಮೊದಲು ಗಾಳಿ ಸುಸ್ ಅಂತದ,
ಅಷ್ಟಕ್ಕ ಓಣಿಗೆ ಓಣಿನೇ ಏಳತದ,
ದೀಪ, ಕೊಡ, ಬಕೀಟು, ಬೈಗುಳ.
ಅತ್ತಿಯವರ ಮೊಣಕಾಲು ಹಿಡದಾವ, ನೀರು ನಾನೇ ತರಬೇಕು.
ಕೂಸನ್ನ ಹೆಗಲಿಗಿ ಹಾಕ್ಕೊಂಡು, ಒಂದು ಕೈಯಾಗ ಕೊಡ ಹಿಡಕೊಂಡು
ಪಾಳಿಯ ಕಡಿಗಿ ನಿಂತೆ.

ಮುಂದ ನಿಂತ ಮಹಬೂಬಿ ಮಾತಾಡಲಿಲ್ಲ,
ಹಿಂದಕ್ಕ ಕೈ ಚಾಚಿ ಇಸ್ಕೊಂಡಳು,
ಬಕೀಟು ಇಸ್ಕೊಂಡಂಗ.
ಅಕಿ ಪಾಳಿ ಬಂದಾಗ ನರ್ಸಮ್ಮಗ ಕೊಟ್ಟಳು,
ನರ್ಸಮ್ಮ ಮಾವಶಿಗಿ, ಮಾವಶಿ ಯಾರಿಗೋ.
ಮಹಬೂಬಿ ಕೈಯಾಗ ಸಣ್ಣಗ ಅತ್ತಿತು.
ನರ್ಸಮ್ಮನ ತಂಬಾಕಿನ ವಾಸನಿಗಿ ಸೀನಿ, ಮತ್ತ ಅತ್ತಿತು.
ಮಾವಶಿ ಅದನ್ನ ಕುಣಿಸ್ತ ಕುಣಿಸ್ತ ಮುನ್ಸಿಪಾಲ್ಟಿಗಿ ಬೈದಳು,
ಆಗೂ ಅತ್ತಿತು.
ಸುಮ್ಮನಾಗು ಅಂತ ಒಬ್ಬರೂ ಅನ್ನಲಿಲ್ಲ ಅದಕ್ಕ.
ನೀರು ಬಂದಾಗ ಎಲ್ಲಾರೂ ಒದರತಾರ, ಅದೂ ಒದರತಿತ್ತು.

ನನ್ನ ಪಾಳಿ ಬಂತು. ಕೊಡ ಇಟ್ಟೆ.
ಎರಡೂ ಕೈ ಖಾಲಿ.
ಏನು ಮಾಡಬೇಕು ಅಂತ ತಿಳೀಲಿಲ್ಲ ಅವಕ್ಕ.
ನೀರಿನ್ಯಾಗ ಹಿಡಿದೆ, ಮೊಣಕೈ ತನಕ.
ಬಾಳಂತಿ ತಣ್ಣೀರು ಮುಟ್ಟಬಾರದು ಅಂದಿದ್ದು
ಆಮ್ಯಾಲ ನೆನಪಾತು.
ಕೊಡ ತುಂಬಿ ಚೆಲ್ಲಿ ಪಾದದ ಮ್ಯಾಲ ಹರೀತು,
ಹಿಂದಿನವರು ಸರಿ ಸರಿ ಅಂದ್ರು,
ಆದ್ರೂ ಇನ್ನೊಂದು ಗಳಿಗಿ ನಿಂತೆ.

ಓಣಿಯ ಆ ತುದಿಗಿ, ಯಾರದೋ ಹೆಗಲ ಮ್ಯಾಲ,
ನನ್ನ ಕೂಸು ಹರದು ಹೋಗೂವಂಗ ಅಳತಿತ್ತು.
ದೂರದಿಂದ ಕೇಳಿದ್ರ
ಅದು ಅಷ್ಟೇನು ದೊಡ್ಡ ದನಿ ಅಲ್ಲ.