ಎರಡು–ಆರು

ಎಸ್.ಪಿ. ರೋಡು, ಮೆಟ್ಟಿಲ ಕೆಳಗಿನ ಅಂಗಡಿ.
ಪೂನಮ್‌ಚಂದರು ಕೇಬಲ್ಲಿನ ಸುರುಳಿಗಳನ್ನು
ಚಕ್ಕುಲಿ ಹಾಕಿದ ಹಾಗೆ ಒಂದರ ಮೇಲೊಂದು ಎಸೆದರು.
ಕಮಲಾಕ್ಷಮ್ಮ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದರು.
ಬಳೇಪೇಟೆಯಲ್ಲಿ ನಲವತ್ತು ವರ್ಷ ಬಳೆ ತೊಡಿಸಿದ ಕೈ;
ಒಳಗಿರೋದು ಗಾಜು ಅಂದದ್ದೇ ನನ್ನ ತಪ್ಪು.

"ಗಾಜು ಬಗ್ಗುತ್ತೇನಯ್ಯಾ?"
ಬಗ್ಗುತ್ತಮ್ಮ, ಕೂದಲಿನಷ್ಟು ಸಣ್ಣ ಎಳೆದರೆ.
"ಎಷ್ಟು?"
ಅದಕ್ಕೊಂದು ಲೆಕ್ಕ ಇದೆ ಅಂದೆ.
ಲೆಕ್ಕ ಅಂದರೆ ಅವರ ಕಿವಿ ನೆಟ್ಟಗಾಗುತ್ತದೆ.

ಕರಿಯದು ಹೊರಗಿಗೆ, ಬಿಸಿಲಿಗೆ, ಕಂಬದಿಂದ ಕಂಬಕ್ಕೆ.
ಒಳಗೆ ತಂದರೆ, ಕಿಡಿ ಬಿದ್ದ ದಿನ
ಕೋಣೆ ತುಂಬ ವಿಷದ ಹೊಗೆ.
ಹಳದಿಯದಕ್ಕೆ ಹೊಗೆ ಕಡಿಮೆ, ಅದು ಮನೆಯೊಳಗಿನದು.
ಅದರಲ್ಲೂ ಎರಡು ಜಾತಿ:
ಬೆರಳಿಗೆ ಸುತ್ತಿದರೂ ಬೆಳಕು ಚೆಲ್ಲದ್ದು ಒಂದು,
ಮೀಟರಿಗೆ ಐದು ರೂಪಾಯಿ ಜಾಸ್ತಿ;
ಇನ್ನೊಂದು ಮುಂಗೋಪಿ, ಮೂಲೆ ಕಂಡರೆ ಸಿಡಿಮಿಡಿ.

ಮುಂಗೋಪಿಯನ್ನೇ ಮಡಿಲಿಗೆ ಹಾಕಿಕೊಂಡರು.
"ಹೊಗೆಗೆ ದುಡ್ಡು ಕೊಡ್ತೀನಿ. ಮೂಲೆ ನಾನು ನೋಡ್ಕೋತೀನಿ."

ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಸರಕಿನ ಅಟ್ಟ.
ಈಗ ಫೋನಿಗೆ ಕೈ ತೋರಿಸಿ ಬಳೆ ಮಾರುತ್ತಾರೆ,
ದಾವಣಗೆರೆಯಿಂದ, ದುಬೈಯಿಂದ ಆರ್ಡರು;
ಆದರೆ ಹಸಿರು ಡಜನ್ ಏರಿಸುವ ಹೊತ್ತಿಗೇ ಚಿತ್ರ ನಿಂತು
ಮುಂಗೈ ಗಾಳಿಯಲ್ಲಿ ಕಲ್ಲಾಗುತ್ತದೆ.
ಗಿರಾಕಿ ಎದ್ದು ಹೋಗುತ್ತಾಳೆ.

ಗಾರೆ ಗೋಡೆ, ಒಂದೂವರೆ ಅಡಿ ದಪ್ಪ.
ಹೊರಗಡೆಗೆ ತುಸು ಇಳಿಜಾರಾಗಿ ಕೊರೆದೆ,
ಮಳೆನೀರು ಕೇಬಲ್ಲಿನ ಬೆನ್ನೇರಿ ಒಳಗೆ ಬರದಿರಲಿ ಅಂತ.
ಚೌಕಟ್ಟಿನ ಗುಂಟ, ದೇವರ ಗೂಡು ತಪ್ಪಿಸಿ, ಗೇಣಿಗೊಂದು ಕ್ಲಿಪ್ಪು.
ಸಾದಿಕ್‌ಗೆ ಊಟದ ಅವಸರ. ಅಟ್ಟದ ಮೂಲೆಯಲ್ಲಿ
ಕೇಬಲ್ಲನ್ನು ಕಾಗದದಂತೆ ಮಡಿಸಿ ಮೊಳೆ ಬಡಿದ.

ತುದಿಗೆ ಕೆಂಪು ಲೇಸರ್ ಪೆನ್ನು ಸಿಕ್ಕಿಸಿ, ದೀಪ ಆರಿಸೋ ಅಂದೆ.
"ಆರಿಸು ಅನ್ನಬಾರದು! ದೊಡ್ಡದು ಮಾಡು ಅನ್ನು."
ಸಾದಿಕ್ ಪಾಪ, ಇನ್ನೂ ಎರಡು ಟ್ಯೂಬ್‌ಲೈಟು ಹಾಕಿದ.

ನಗು ಮುಗಿದು, ಕತ್ತಲಾದ ಮೇಲೆ ಕಂಡಿತು:
ಅದೇ ಮೂಲೆಯಲ್ಲಿ, ಹಳದಿ ಹೊದಿಕೆಯೊಳಗಿಂದ,
ಬೂದಿ ಮುಚ್ಚಿದ ಬೀಡಿಯ ತುದಿಯಂತೆ ಮಸುಕು ಕೆಂಪು.
"ಒಡೆದಿರ್ಬೇಕು ಭಾಯ್."
"ನನ್ನ ಮನೇಲಿ ಗಾಜು ಒಡೆಯಲ್ಲ ಕಣೋ,
ಹೆಚ್ಚುತ್ತೆ."

ಹೆಚ್ಚಿರಲಿಲ್ಲ. ಬಿಗಿಯಾಗಿತ್ತು, ಅಷ್ಟೆ.
ಮೊಳೆ ಕಿತ್ತೆ. "ಈಗ ಹೇಳು, ಏನದು ಲೆಕ್ಕ?"
ನಡುವಿನಿಂದ ಅಂಚಿಗೆ ಮೂವತ್ತು ಮಿಲಿಮೀಟರ್.
ಅದಕ್ಕಿಂತ ಬಿಗಿದರೆ ಬೆಳಕು ಗೋಡೆಪಾಲು.
ಅಮ್ಮ ಮೆಟ್ಟಿಲಿಳಿದು ಹೋದರು, ಮಂಡಿ ಹಿಡಿದುಕೊಂಡು,
ಒಂದೇ ಒಂದು ಹಸಿರು ಬಳೆಯೊಂದಿಗೆ ಹತ್ತಿ ಬಂದರು.
"ಎರಡು–ಆರು."
ಟೇಪು ಹಿಡಿದೆ. ಮೂವತ್ತು. ಮೇಲೊಂದು ಕೂದಲು.

ಬಳೆಯನ್ನು ಮೂಲೆಗೊತ್ತಿ ಹಿಡಿದರು ಅವರೇ,
ಅದರ ಕಾಲುಭಾಗದ ಗುಂಟ ನಾನು ಕೇಬಲ್ ಹಾಯಿಸಿದೆ,
ಬಾಣಂತಿಯ ಕೈಗೆ ತೊಡಿಸುವಷ್ಟು ಮೆಲ್ಲಗೆ.
ಕೆಂಪು ಒಳಗೊಳಗೇ ಹೋಯಿತು.

ಮೀಟರು ಮೈನಸ್ ಹತ್ತೊಂಬತ್ತು ತೋರಿಸಿತು.
"ಮೈನಸ್ಸಾ? ನಷ್ಟವಾ?"
ನಷ್ಟವೇ, ಆದರೆ ತಾಳಿಕೊಳ್ಳೋ ನಷ್ಟ.
"ಹಂಗಾದ್ರೆ ನನ್ನ ವ್ಯಾಪಾರದ್ದೇ ಜಾತಿ ಬಿಡು."

ಕತ್ತರಿಸಿದ ಎಳೆಯ ಚೂರುಗಳನ್ನು
ಕರಿ ಟೇಪಿಗೆ ಒತ್ತಿ ಒತ್ತಿ ಹೆಕ್ಕಿದೆ;
ಕಾಲಿಗೆ ಹೊಕ್ಕರೆ ಯಾವ ಕಣ್ಣಿಗೂ ಸಿಗುವುದಿಲ್ಲ.
ಅವರು ಹಾಲಿನಪುಡಿ ಡಬ್ಬಿಯ ಮುಚ್ಚಳ ತೆಗೆದು ಚಾಚಿದರು.
ಒಳಗೆ ನಲವತ್ತು ವರ್ಷದ ಚೂರು, ಎಲ್ಲ ಬಣ್ಣದ್ದು.

ಬಳೆ ವಾಪಸು ಕೊಡುವುದು ಮರೆತೆ. ಚೀಲದಲ್ಲೇ ಉಳಿಯಿತು.
ಈಗ ಯಾವ ಮನೆಯ ಮೂಲೆ ಬಂದರೂ ಅದನ್ನೇ ಒತ್ತಿ ನೋಡುತ್ತೇನೆ.

ಮೊನ್ನೆ ಚೀಲ ಕೊಡವಿದ ಪ್ರಮೀಳಾ ಕೈಯಲ್ಲಿ ಹಿಡಿದು ನಿಂತಿದ್ದಳು.
"ಯಾರದ್ದು?"
ಮೂವತ್ತು ಮಿಲಿಮೀಟರ್ ಅಂದೆ.
ಅವಳದು ಎರಡು–ನಾಲ್ಕು. ತೊಟ್ಟು, ಅಲ್ಲಾಡಿಸಿ,
ಮೊಣಕೈವರೆಗೂ ಜಾರಲು ಬಿಟ್ಟು ನೋಡಿದಳು.
"ಸ್ವಲ್ಪ ದಪ್ಪ ಇದಾಳೆ," ಅಂದಳು.